ಒಂದು ಕಾಮಗಾರಿ, ಇಬ್ಬರು ಸಾಲದಾತರು: ಸಹ ಹಣಕಾಸು ವ್ಯವಸ್ಥೆ ಮತ್ತು ಸ್ಥಳೀಯ ಉದ್ದಿಮೆ

ರಾಜ್ಯದ ರಸ್ತೆ, ಕುಡಿಯುವ ನೀರು, ಒಳಚರಂಡಿ ಅಥವಾ ರೈಲು ಯೋಜನೆಯೊಂದಕ್ಕೆ ಇಷ್ಟು ಕೋಟಿ ಡಾಲರ್ ವಿದೇಶಿ ನೆರವು ದೊರೆಯಿತೆಂಬ ಸುದ್ದಿ ಆಗಾಗ ಪತ್ರಿಕೆಗಳಲ್ಲಿ ಪ್ರಕಟವಾಗುತ್ತದೆ. ಆಳಂದದ ಬೇಳೆ ಮಿಲ್ಲಿನ ಮಾಲೀಕರಾಗಲಿ, ಅಫಜಲಪುರದ ಕಬ್ಬಿಣ-ಸಿಮೆಂಟ್ ವರ್ತಕರಾಗಲಿ, ಜೇವರ್ಗಿಯ ಗೇಟು-ಗ್ರಿಲ್ ತಯಾರಕರಾಗಲಿ ಈ ಸುದ್ದಿಯನ್ನು ಓದಿ ಪುಟ ತಿರುವುವುದೇ ಹೆಚ್ಚು. ಕಾಮಗಾರಿ ತಮ್ಮ ತಾಲ್ಲೂಕಿನಲ್ಲೇ ಆರಂಭವಾದಾಗ ದೊಡ್ಡ ಗುತ್ತಿಗೆದಾರರ ವಾಹನಗಳು ಹೊರಗಿನಿಂದ ಬಂದಿಳಿಯುತ್ತವೆ; ಸ್ಥಳೀಯರಿಗೆ ಸಿಗುವುದು ಜಲ್ಲಿ, ಮರಳು, ನೀರಿನ ಟ್ಯಾಂಕರ್ ಮತ್ತು ಬಾಡಿಗೆ ಮನೆಗಳ ವ್ಯವಹಾರ ಮಾತ್ರ. ಇದಕ್ಕೆ ರಾಜಕೀಯ ಕಾರಣಗಳನ್ನು ಹುಡುಕುವುದು ವಾಡಿಕೆ. ಆದರೆ ಸ್ಥಳೀಯ ಉದ್ದಿಮೆಗೆ ಎಷ್ಟು ಪಾಲು ದೊರೆಯಬಹುದೆಂಬುದು ಬಹುಮಟ್ಟಿಗೆ ನಿರ್ಧಾರವಾಗುವುದು ಟೆಂಡರ್ ಪ್ರಕಟಣೆಗೂ ಮೊದಲೇ, ಸಾಲದ ಒಪ್ಪಂದದ ಸ್ವರೂಪದಲ್ಲಿ. ಅದರಲ್ಲಿಯೂ ಒಂದು ಅಭಿವೃದ್ಧಿ ಬ್ಯಾಂಕಿನ ಜೊತೆಗೆ ಮತ್ತೊಂದು ದೇಶ ಕೈಜೋಡಿಸಿದಾಗ ನಿಯಮಗಳೂ ಎರಡಾಗುತ್ತವೆ. ಆ ನಿಯಮಗಳ ಪರಿಚಯವೇ ಪ್ರಸ್ತುತ ಲೇಖನದ ವಿಷಯ.

ಬ್ಯಾಂಕು ಮತ್ತು ಅದರ ಜೊತೆಗಾರರು

ಏಷ್ಯಾ ಖಂಡದ ಪ್ರಾದೇಶಿಕ ಅಭಿವೃದ್ಧಿ ಬ್ಯಾಂಕುಗಳಲ್ಲಿ ಹಳೆಯದು 1966ರಲ್ಲಿ ಮನಿಲಾದಲ್ಲಿ ಸ್ಥಾಪನೆಯಾದ ಏಷ್ಯನ್ ಅಭಿವೃದ್ಧಿ ಬ್ಯಾಂಕ್. ಭಾರತ ಅದರ ಸ್ಥಾಪಕ ಸದಸ್ಯ ರಾಷ್ಟ್ರವಾದರೂ ಸಾಲ ಪಡೆಯಲು ಆರಂಭಿಸಿದ್ದು 1986ರಲ್ಲಿ. ಬೀಜಿಂಗ್‌ನಲ್ಲಿ 2016ರಲ್ಲಿ ಕಾರ್ಯಾರಂಭ ಮಾಡಿದ ಏಷ್ಯನ್ ಮೂಲಸೌಕರ್ಯ ಹೂಡಿಕೆ ಬ್ಯಾಂಕ್ ಎರಡನೆಯದು. ಯಾವ ಬ್ಯಾಂಕೂ ಒಂದು ಯೋಜನೆಯ ಪೂರ್ಣ ವೆಚ್ಚವನ್ನು ತಾನೊಂದೇ ಭರಿಸುವುದಿಲ್ಲ. ಒಂದಷ್ಟು ಪಾಲು ಸಾಲ ಪಡೆಯುವ ಸರ್ಕಾರದ್ದು. ಉಳಿದ ಕೊರತೆಯನ್ನು ತುಂಬಲು ಜಪಾನಿನ ಜೈಕಾ, ಫ್ರಾನ್ಸಿನ ಎ.ಎಫ್.ಡಿ. ಮೊದಲಾದ ದಾನಿ ರಾಷ್ಟ್ರಗಳ ಸಂಸ್ಥೆಗಳು ಮುಂದೆ ಬರುತ್ತವೆ. ಇದೇ ಸಹ ಹಣಕಾಸು.

ದಾನಿ ರಾಷ್ಟ್ರಕ್ಕೆ ಇದರಿಂದ ಏನು ಪ್ರಯೋಜನ? ಯೋಜನೆಯ ಸಮೀಕ್ಷೆ, ಲೆಕ್ಕಪರಿಶೋಧನೆ, ಮೇಲ್ವಿಚಾರಣೆಗಳಿಗೆ ಬ್ಯಾಂಕಿನ ಸಿಬ್ಬಂದಿ ಈಗಾಗಲೇ ಇರುತ್ತಾರೆ. ಪ್ರತ್ಯೇಕ ಕಚೇರಿ, ತಜ್ಞರ ವೆಚ್ಚ ಉಳಿಯುತ್ತದೆ. ಬ್ಯಾಂಕಿಗೆ ತನ್ನ ಬಂಡವಾಳವನ್ನು ಹೆಚ್ಚು ಯೋಜನೆಗಳಿಗೆ ಹಂಚುವ ಅವಕಾಶ ದೊರೆಯುತ್ತದೆ. ದಾನಿ ಎಂಬ ಪದ ಮಾತ್ರ ಇಲ್ಲಿ ಸ್ವಲ್ಪ ದಾರಿ ತಪ್ಪಿಸುವಂಥದ್ದು. ದೊಡ್ಡ ಕಾಮಗಾರಿಗಳಿಗೆ ಬರುವ ಹಣದಲ್ಲಿ ಬಹುಪಾಲು ಬಡ್ಡಿಸಹಿತ ಹಿಂದಿರುಗಿಸಬೇಕಾದ ಸಾಲವೇ ಹೊರತು ದಾನವಲ್ಲ. ನಿಜವಾದ ಅನುದಾನ ಬರುವುದು ಹೆಚ್ಚಾಗಿ ತಾಂತ್ರಿಕ ನೆರವು, ತರಬೇತಿ, ಸಣ್ಣ ಪ್ರಾಯೋಗಿಕ ಯೋಜನೆಗಳಿಗೆ. ಜಪಾನ್ ಸರ್ಕಾರ 2000ದಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನಲ್ಲಿ ಬಡತನ ನಿವಾರಣೆಗಾಗಿ ಸ್ಥಾಪಿಸಿದ ನಿಧಿ ಇಂಥದ್ದು.

ಕೂಡು ಪದ್ಧತಿ, ಸಮಾನಾಂತರ ಪದ್ಧತಿ

ಇಬ್ಬರು ರೈತರು ಸೇರಿ ಹೊಲದಲ್ಲಿ ನೀರಾವರಿ ಮಾಡಿಕೊಳ್ಳುತ್ತಾರೆಂದು ಇಟ್ಟುಕೊಳ್ಳೋಣ. ಒಬ್ಬ ಬಾವಿ ತೋಡಿಸಿ, ಇನ್ನೊಬ್ಬ ಪಂಪ್‌ಸೆಟ್ ಮತ್ತು ಪೈಪು ಹಾಕಿಸಿದರೆ ಅದು ಸಮಾನಾಂತರ ಪದ್ಧತಿ. ಬಾವಿ ತೋಡುವವರನ್ನು ಗೊತ್ತುಮಾಡುವವನು ಒಬ್ಬ, ಪಂಪ್‌ಸೆಟ್ಟಿನ ಅಂಗಡಿ ಆಯ್ಕೆ ಮಾಡುವವನು ಮತ್ತೊಬ್ಬ. ಖರ್ಚಾಗುವ ಪ್ರತಿ ರೂಪಾಯಿಯಲ್ಲೂ ಒಬ್ಬನ 60 ಪೈಸೆ, ಇನ್ನೊಬ್ಬನ 40 ಪೈಸೆ ಇದ್ದರೆ ಅದು ಕೂಡು ಪದ್ಧತಿ. ಆಗ ಪ್ರತಿಯೊಂದು ಖರೀದಿಯೂ ಇಬ್ಬರಿಗೂ ಒಪ್ಪಿಗೆಯಾಗಿರಬೇಕು.

ಸಾಲದ ಒಪ್ಪಂದಗಳಲ್ಲಿಯೂ ಇದೇ ವ್ಯತ್ಯಾಸ. ಕೂಡು ಪದ್ಧತಿಯಲ್ಲಿ ಸಾಮಾನ್ಯವಾಗಿ ಒಂದೇ ಸಂಸ್ಥೆಯ ಸಂಗ್ರಹಣಾ ನಿಯಮ ಇಡೀ ಯೋಜನೆಗೆ ಅನ್ವಯವಾಗುತ್ತದೆ. ಸಮಾನಾಂತರ ಪದ್ಧತಿಯಲ್ಲಿ ಯೋಜನೆ ಭಾಗ ಭಾಗವಾಗಿ ಒಡೆದು, ಆಯಾ ಭಾಗಕ್ಕೆ ಆಯಾ ಸಾಲದಾತರ ನಿಯಮ ಅನ್ವಯಿಸುತ್ತದೆ. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ಮೂಲತಃ ಅದರ 69 ಸದಸ್ಯ ರಾಷ್ಟ್ರಗಳ ಸಂಸ್ಥೆಗಳಿಗೆ, ಆ ರಾಷ್ಟ್ರಗಳಲ್ಲಿ ತಯಾರಾದ ಸರಕುಗಳಿಗೆ ಮಾತ್ರ ಪ್ರವೇಶ. ಸಹ ಹಣಕಾಸಿನ ಸಂದರ್ಭದಲ್ಲಿ ಮಂಡಳಿಯ ಒಪ್ಪಿಗೆಯಿಂದ ಈ ಮಿತಿ ಸಡಿಲವಾಗುವುದುಂಟು. ಭಾರತೀಯ ತಯಾರಕರಿಗೆ ಇದರಿಂದ ತೊಡಕಿಲ್ಲ. ತೊಡಕು ಇರುವುದು ದಾನಿ ರಾಷ್ಟ್ರವು ತನ್ನ ದೇಶದ ಸರಕನ್ನೇ ಖರೀದಿಸಬೇಕೆಂದು ಷರತ್ತು ಹಾಕಿದಾಗ.

ಜಪಾನಿನ ಸಾಲಗಳಲ್ಲಿ ಸಾಮಾನ್ಯ ಮುಕ್ತ ಸಾಲ ಒಂದು ಬಗೆಯದು, ಸ್ಟೆಪ್ ಎಂಬ ಹೆಸರಿನ ಷರತ್ತುಬದ್ಧ ಸಾಲ ಇನ್ನೊಂದು ಬಗೆಯದು. ಸ್ಟೆಪ್ ಸಾಲದಲ್ಲಿ ಬಡ್ಡಿ ಬಹಳ ಕಡಿಮೆ, ಮರುಪಾವತಿ ಅವಧಿ ದೀರ್ಘ. ಪ್ರತಿಯಾಗಿ ಮುಖ್ಯ ಗುತ್ತಿಗೆದಾರ ಜಪಾನಿ ಸಂಸ್ಥೆಯಾಗಿರಬೇಕು, ಗುತ್ತಿಗೆಯ ಮೌಲ್ಯದಲ್ಲಿ ಕನಿಷ್ಠ ಶೇ. 30ರಷ್ಟು ಸರಕು-ಸೇವೆ ಜಪಾನಿನಿಂದ ಬರಬೇಕು. ಪಶ್ಚಿಮ ಸರಕು ಸಾಗಣೆ ರೈಲು ಕಾರಿಡಾರ್ ಈ ಬಗೆಯ ಸಾಲದಿಂದ ನಿರ್ಮಾಣವಾದದ್ದು. ಬಡ್ಡಿ ದರವೊಂದನ್ನೇ ನೋಡಿ ಸಾಲವನ್ನು ಅಗ್ಗವೆನ್ನುವುದು ಎಷ್ಟು ಅವಸರದ ತೀರ್ಮಾನ ಎಂಬುದಕ್ಕೆ ಈ ಶೇ. 30 ಸಾಕ್ಷಿ.

ಬೆಂಗಳೂರು ಮೆಟ್ರೊ: ಹತ್ತಿರದ ಉದಾಹರಣೆ

ಕರ್ನಾಟಕದಲ್ಲಿ ಸಹ ಹಣಕಾಸಿನ ದೊಡ್ಡ ಪಾಠಶಾಲೆಯೆಂದರೆ ನಮ್ಮ ಮೆಟ್ರೊ. ಮೊದಲ ಹಂತಕ್ಕೆ ಜಪಾನ್ 2006ರಲ್ಲಿ 4,470.4 ಕೋಟಿ ಯೆನ್, 2011ರಲ್ಲಿ ಮತ್ತೆ 1,983.2 ಕೋಟಿ ಯೆನ್ ಸಾಲ ನೀಡಿತು. ಅದೇ 2011ರಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕ್ 25 ಕೋಟಿ ಡಾಲರ್ ಸಾಲವನ್ನು ಕೇಂದ್ರ ಸರ್ಕಾರದ ಖಾತರಿಯಿಲ್ಲದೆ ನೇರವಾಗಿ ಮೆಟ್ರೊ ನಿಗಮಕ್ಕೇ ಮಂಜೂರು ಮಾಡಿತು. ಫ್ರಾನ್ಸ್ ಸರ್ಕಾರದ ಒಡೆತನದ ಎ.ಎಫ್.ಡಿ. 11 ಕೋಟಿ ಯೂರೊ ಸೇರಿಸಿತು. ಹೀಗೆ 42.3 ಕಿ.ಮೀ. ಮಾರ್ಗಕ್ಕೆ ಯೆನ್, ಡಾಲರ್, ಯೂರೊ, ರೂಪಾಯಿ ಎಂಬ ನಾಲ್ಕು ನಾಣ್ಯಗಳ ಬಂಡವಾಳ ಸೇರಿತು. 33 ಕಿ.ಮೀ.ಗೆಂದು 6,395 ಕೋಟಿ ರೂ.ಗಳಲ್ಲಿ ಆರಂಭವಾದ ಅಂದಾಜು, ಮಾರ್ಗ ವಿಸ್ತರಣೆ ಮತ್ತು ವಿಳಂಬಗಳಿಂದಾಗಿ 13,845 ಕೋಟಿಗೆ ತಲುಪಿತು. ಮೊದಲ ರೈಲು ಓಡಿದ್ದು 2011ರ ಅಕ್ಟೋಬರ್‌ನಲ್ಲಿ, ಹಂತ ಪೂರ್ಣವಾದದ್ದು 2017ರ ಜೂನ್‌ನಲ್ಲಿ.

ಎರಡನೆಯ ಹಂತದಲ್ಲಿ ಈ ಏರ್ಪಾಡು ಇನ್ನಷ್ಟು ವಿಸ್ತಾರವಾಯಿತು. ಗೊಟ್ಟಿಗೆರೆ–ನಾಗವಾರ ಮಾರ್ಗಕ್ಕೆ ಯುರೋಪಿಯನ್ ಹೂಡಿಕೆ ಬ್ಯಾಂಕ್ 50 ಕೋಟಿ ಯೂರೊ, ಏಷ್ಯನ್ ಮೂಲಸೌಕರ್ಯ ಹೂಡಿಕೆ ಬ್ಯಾಂಕ್ 33.5 ಕೋಟಿ ಡಾಲರ್ ಒದಗಿಸಿದವು. ಸಿಲ್ಕ್ ಬೋರ್ಡ್–ಕೃಷ್ಣರಾಜಪುರ ಮತ್ತು ವಿಮಾನ ನಿಲ್ದಾಣ ಮಾರ್ಗಗಳಿಗೆ 2020ರ ಡಿಸೆಂಬರ್‌ನಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕ್ 50 ಕೋಟಿ ಡಾಲರ್ ಅನುಮೋದಿಸಿತು. 2021ರ ಮಾರ್ಚ್‌ನಲ್ಲಿ ಜಪಾನ್ 5,203.6 ಕೋಟಿ ಯೆನ್ ಸಾಲಕ್ಕೆ ಸಹಿ ಹಾಕಿತು.

ಸಾಲದ ಮೊತ್ತವನ್ನು ರೂಪಾಯಿಯಲ್ಲಿ ಲೆಕ್ಕ ಹಾಕಿದಾಗ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. 2011ರ ಮಧ್ಯದಲ್ಲಿ ಒಂದು ಡಾಲರ್‌ಗೆ ಸುಮಾರು 45 ರೂ. ಇತ್ತು, 25 ಕೋಟಿ ಡಾಲರ್ ಎಂದರೆ 1,125 ಕೋಟಿ ರೂ. 2024ರ ಅಂತ್ಯಕ್ಕೆ ಡಾಲರ್ 85 ರೂ. ಮುಟ್ಟಿತು. ಅಸಲಿನಲ್ಲಿ ಏನೂ ಮರುಪಾವತಿಯಾಗಿಲ್ಲವೆಂದು ಕೇವಲ ಲೆಕ್ಕಕ್ಕಾಗಿ ಹಿಡಿದರೆ ಅದೇ ಸಾಲ 2,125 ಕೋಟಿ ರೂ. ಆಗುತ್ತದೆ. ಬಡ್ಡಿ ಶೇ. ಎರಡೋ ಮೂರೋ ಎಂದು ಹೇಳುವಾಗ ಈ ಅಂತರವನ್ನು ಯಾರೂ ಜಾಹೀರು ಮಾಡುವುದಿಲ್ಲ. ಹತ್ತಿ, ಬೇಳೆಗಳ ಆಮದು-ರಫ್ತಿನಲ್ಲಿ ಪಳಗಿದ ವರ್ತಕರಿಗೆ ಇದು ಹೊಸ ವಿಷಯವೇನಲ್ಲ.

ಈ ಹೊರೆಯನ್ನು ಹೊರುವವರು ಯಾರು? 2005ರ ಏಪ್ರಿಲ್ 1ಕ್ಕೆ ಮೊದಲು ಕೇಂದ್ರ ಸರ್ಕಾರ ವಿದೇಶಿ ನೆರವನ್ನು ಸಾಮಾನ್ಯ ವರ್ಗದ ರಾಜ್ಯಗಳಿಗೆ ಶೇ. 70 ಸಾಲ, ಶೇ. 30 ಅನುದಾನವಾಗಿ ರೂಪಾಯಿಯಲ್ಲಿ ನೀಡುತ್ತಿತ್ತು. ವಿನಿಮಯ ದರದ ಏರಿಳಿತ ಕೇಂದ್ರದ ತಲೆಯ ಮೇಲಿತ್ತು. ಹನ್ನೆರಡನೆಯ ಹಣಕಾಸು ಆಯೋಗದ ಶಿಫಾರಸಿನ ಮೇರೆಗೆ ಅನಂತರದ ಸಾಲಗಳನ್ನು ಬಂದ ಷರತ್ತಿನಲ್ಲಿಯೇ ರಾಜ್ಯಗಳಿಗೆ ದಾಟಿಸಲಾಗುತ್ತಿದೆ. ಅಂದರೆ ಡಾಲರ್ ಏರಿದರೆ ಅದರ ಬಿಸಿ ರಾಜ್ಯದ ಖಜಾನೆಗೆ, ಅಲ್ಲಿಂದ ತೆರಿಗೆ ಕಟ್ಟುವ ವರ್ತಕನಿಗೆ. ಕಾಮಗಾರಿ ತಡವಾದರೂ ಖರ್ಚುಂಟು: ಏಷ್ಯನ್ ಅಭಿವೃದ್ಧಿ ಬ್ಯಾಂಕ್ ಬಳಸದೆ ಉಳಿದ ಸಾಲದ ಮೇಲೆಯೂ ವರ್ಷಕ್ಕೆ ಶೇ. 0.15ರಷ್ಟು ಬದ್ಧತಾ ಶುಲ್ಕ ವಿಧಿಸುತ್ತದೆ. ಇಬ್ಬರು ಸಾಲದಾತರಿದ್ದು, ಒಬ್ಬರ ಭಾಗದಲ್ಲಿ ಭೂಸ್ವಾಧೀನ ನಿಂತರೆ ಇನ್ನೊಬ್ಬರ ಭಾಗವೂ ಉಪಯೋಗಕ್ಕೆ ಬಾರದೆ ಕಾಯುತ್ತದೆ.

ಉತ್ತರ ಕರ್ನಾಟಕದ ಅನುಭವ

ಉತ್ತರ ಕರ್ನಾಟಕದಲ್ಲಿ ಇಂತಹ ಬಹುರಾಷ್ಟ್ರೀಯ ಏರ್ಪಾಡುಗಳಿಗಿಂತ ಒಂದೇ ಬ್ಯಾಂಕಿನ ಸಾಲ ಹೆಚ್ಚು ಪರಿಚಿತ. ನಗರ ಮೂಲಸೌಕರ್ಯಕ್ಕಾಗಿ ಏಷ್ಯನ್ ಅಭಿವೃದ್ಧಿ ಬ್ಯಾಂಕ್ 2006ರಲ್ಲಿ 27 ಕೋಟಿ ಡಾಲರ್‌ಗಳ ಉತ್ತರ ಕರ್ನಾಟಕ ನಗರ ವಲಯ ಹೂಡಿಕೆ ಕಾರ್ಯಕ್ರಮವನ್ನು ಅನುಮೋದಿಸಿತು. ಅದನ್ನು ಜಾರಿಗೊಳಿಸಿದ್ದು ಕರ್ನಾಟಕ ನಗರ ಮೂಲಸೌಕರ್ಯ ಅಭಿವೃದ್ಧಿ ಮತ್ತು ಹಣಕಾಸು ನಿಗಮ. ಕಲಬುರಗಿ, ಹುಬ್ಬಳ್ಳಿ-ಧಾರವಾಡ, ಬೆಳಗಾವಿಗಳ ಆಯ್ದ ಬಡಾವಣೆಗಳಲ್ಲಿ ದಿನದ 24 ಗಂಟೆಯೂ ನೀರು ಹರಿಸಿದ ಪ್ರಾಯೋಗಿಕ ಯೋಜನೆಗೆ ಬಂದದ್ದು 2004ರ ವಿಶ್ವ ಬ್ಯಾಂಕ್ ಸಾಲ, 3.95 ಕೋಟಿ ಡಾಲರ್. ರಾಜ್ಯ ಹೆದ್ದಾರಿಗಳ ಸುಧಾರಣೆಗೆ ಏಷ್ಯನ್ ಅಭಿವೃದ್ಧಿ ಬ್ಯಾಂಕ್ 2010ರಲ್ಲಿ 31.5 ಕೋಟಿ, 2018ರಲ್ಲಿ 34.6 ಕೋಟಿ ಡಾಲರ್ ಒದಗಿಸಿತು.

ಇಂತಹ ಕಾಮಗಾರಿಗಳ ಟೆಂಡರಿನಲ್ಲಿ ಸ್ಥಳೀಯ ಉದ್ದಿಮೆದಾರರು ಎಡವುವುದು ಒಂದು ತಪ್ಪು ನಿರೀಕ್ಷೆಯಿಂದ. ರಾಜ್ಯದ ಸಂಗ್ರಹಣಾ ಕಾನೂನು ತಮಗೆ ಕೊಟ್ಟ ರಿಯಾಯಿತಿ ಇಲ್ಲಿಯೂ ಇರುತ್ತದೆಂದು ಅವರು ಭಾವಿಸುತ್ತಾರೆ. ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ರ 4ನೇ ಪ್ರಕರಣ ಅಂತಾರಾಷ್ಟ್ರೀಯ ಹಣಕಾಸು ಸಂಸ್ಥೆಗಳ ನೆರವಿನ ಯೋಜನೆಗಳಿಗೆ ವಿನಾಯಿತಿ ನೀಡಿದೆ. ಅಲ್ಲಿ ಸಾಲದಾತರ ನಿಯಮವೇ ನಿಯಮ. ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371ಜೆ ವಿಧಿ ನೀಡಿರುವ ಮೀಸಲಾತಿ ಶಿಕ್ಷಣ ಮತ್ತು ಉದ್ಯೋಗಗಳಿಗೆ ಸಂಬಂಧಿಸಿದ್ದು, ಗುತ್ತಿಗೆಗೆ ಅದನ್ನು ಆಧಾರವಾಗಿ ತೋರಿಸಲಾಗದು.

ಹಾಗಾದರೆ ಒಳಗೆ ಹೋಗುವ ದಾರಿ ಯಾವುದು?

ಮೊದಲನೆಯದು ಸಂಗ್ರಹಣಾ ಯೋಜನೆ ಎಂಬ ದಾಖಲೆ. ಸಾಲ ಮಂಜೂರಾಗುವ ಹೊತ್ತಿಗೆ ಮುಂದಿನ 18 ತಿಂಗಳಲ್ಲಿ ಯಾವ ಕಾಮಗಾರಿ, ಯಾವ ಸರಕು, ಎಷ್ಟು ಮೌಲ್ಯದ ಪ್ಯಾಕೇಜು, ಯಾವ ವಿಧಾನದ ಟೆಂಡರು ಎಂಬುದನ್ನು ಏಷ್ಯನ್ ಅಭಿವೃದ್ಧಿ ಬ್ಯಾಂಕ್ ಅದರಲ್ಲಿ ಪ್ರಕಟಿಸುತ್ತದೆ; ಅನಂತರ ಪರಿಷ್ಕರಿಸುತ್ತ ಹೋಗುತ್ತದೆ. ಸಮಾನಾಂತರ ಪದ್ಧತಿಯಲ್ಲಿ ಯಾವ ಭಾಗ ಯಾರದೆಂಬುದು ಅದರೊಂದಿಗಿನ ಯೋಜನಾ ಆಡಳಿತ ಕೈಪಿಡಿಯಲ್ಲಿ ಸಿಗುತ್ತದೆ. ಅಂತಾರಾಷ್ಟ್ರೀಯ ಟೆಂಡರಿನ ದೊಡ್ಡ ಪ್ಯಾಕೇಜಿನಲ್ಲಿ ತಾಲ್ಲೂಕಿನ ಉದ್ದಿಮೆದಾರ ನೇರವಾಗಿ ಸ್ಪರ್ಧಿಸಲಾರ. ಆದರೆ ಅದೇ ದಾಖಲೆಯ ಕೊನೆಯ ಪುಟಗಳಲ್ಲಿ ದರಪಟ್ಟಿ ಆಹ್ವಾನಿಸಿ ಖರೀದಿಸುವ ಪೀಠೋಪಕರಣ, ಜನರೇಟರ್, ಪ್ರಯೋಗಾಲಯದ ಸಾಮಾನು, ಸಣ್ಣ ಕಟ್ಟಡ ಇತ್ಯಾದಿ ಇರುತ್ತವೆ. ಅವನ್ನು ಓದಿ ನೋಡುವವರು ಕಡಿಮೆ. ವಾಣಿಜ್ಯ ಮಂಡಳಿಗಳು ತಿಂಗಳಿಗೊಮ್ಮೆ ಈ ಪಟ್ಟಿಯನ್ನು ತೆಗೆಸಿ ಸದಸ್ಯರಿಗೆ ಹಂಚಿದರೆ ಹತ್ತು ಮನವಿಪತ್ರಗಳಿಗಿಂತ ಹೆಚ್ಚಿನ ಉಪಯೋಗವಾದೀತು.

ಎರಡನೆಯದು ಜಂಟಿ ಪಾಲುದಾರಿಕೆ. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಮಾದರಿ ಟೆಂಡರಿನಲ್ಲಿ ಕೇಳಿದ ವಾರ್ಷಿಕ ವಹಿವಾಟನ್ನು ಪಾಲುದಾರರು ಒಟ್ಟಾಗಿ ತೋರಿಸಬಹುದು. ಸಾಮಾನ್ಯವಾಗಿ ಒಬ್ಬ ಪಾಲುದಾರನದು ಕನಿಷ್ಠ ಶೇ. 40, ಉಳಿದ ಪ್ರತಿಯೊಬ್ಬರದು ಕನಿಷ್ಠ ಶೇ. 25 ಇರಬೇಕು. 20 ಕೋಟಿ ರೂ. ವಹಿವಾಟು ಬೇಕಾದ ಕಾಮಗಾರಿಗೆ 8 ಕೋಟಿಯ ಒಬ್ಬರು, 6 ಕೋಟಿಯ ಇಬ್ಬರು ಸೇರಿದರೆ ಅರ್ಹತೆ ಬಂದೀತು. ಆದರೆ ಹೊಣೆ ಮಾತ್ರ ಹಂಚಿಹೋಗುವುದಿಲ್ಲ: ಒಬ್ಬ ಕೈಬಿಟ್ಟರೆ ಉಳಿದವರು ಇಡೀ ಕಾಮಗಾರಿಗೆ ಉತ್ತರ ಹೇಳಬೇಕು. ಸಂಬಂಧಿಕರೆಂಬ ಕಾರಣಕ್ಕೆ ಸಹಿ ಹಾಕುವಂಥ ಕಾಗದ ಇದಲ್ಲ.

ಮೂರನೆಯದು, ವಾಸ್ತವದಲ್ಲಿ ಹೆಚ್ಚಿನವರು ಹಿಡಿಯುವ ದಾರಿ, ಉಪಗುತ್ತಿಗೆ ಮತ್ತು ಪೂರೈಕೆ. ನಷ್ಟಗಳು ಸಂಭವಿಸುವುದೂ ಇಲ್ಲಿಯೇ. ಬ್ಯಾಂಕು ಅಥವಾ ದಾನಿ ರಾಷ್ಟ್ರಕ್ಕೆ ಮುಖ್ಯ ಗುತ್ತಿಗೆದಾರ ಗೊತ್ತೇ ಹೊರತು ಅವನಿಗೆ ಸಿಮೆಂಟ್ ರಿಂಗು, ಕಬ್ಬಿಣದ ಜಾಲರಿ, ಪೈಪು ಪೂರೈಸಿದವರು ಗೊತ್ತಿಲ್ಲ. ಬಿಲ್ಲು ಬಾರದಿದ್ದಾಗ ಅವರು ಮನಿಲಾಕ್ಕಾಗಲಿ ಪ್ಯಾರಿಸ್ಸಿಗಾಗಲಿ ಪತ್ರ ಬರೆದು ಪ್ರಯೋಜನವಿಲ್ಲ. ಅವರಿಗಿರುವ ಆಸರೆ 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಅಧಿನಿಯಮ. ಸೂಕ್ಷ್ಮ ಅಥವಾ ಸಣ್ಣ ಘಟಕ ಪೂರೈಸಿದ ಸರಕಿಗೆ ಲಿಖಿತ ಕರಾರಿದ್ದರೂ 45 ದಿನ ಮೀರದಂತೆ ಹಣ ಪಾವತಿಯಾಗಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ರಾಜ್ಯದ ಸೌಲಭ್ಯ ಮಂಡಳಿಯ ತೀರ್ಪನ್ನು ಖರೀದಿದಾರ ನ್ಯಾಯಾಲಯದಲ್ಲಿ ಪ್ರಶ್ನಿಸಬೇಕಾದರೆ ಮೊದಲು ಮೊತ್ತದ ಶೇ. 75ನ್ನು ಠೇವಣಿ ಇಡಬೇಕು.

ಇಲ್ಲಿ ಎರಡು ಎಚ್ಚರಿಕೆ ಅವಶ್ಯ. 2021ರಿಂದ ವರ್ತಕರಿಗೂ ಉದ್ಯಮ್ ನೋಂದಣಿ ದೊರೆಯುತ್ತಿದೆಯಾದರೂ ಅದು ಬ್ಯಾಂಕುಗಳ ಆದ್ಯತಾ ವಲಯದ ಸಾಲಕ್ಕೆ ಮಾತ್ರ. ವಿಳಂಬ ಪಾವತಿಯ ರಕ್ಷಣೆ ತಯಾರಕರಿಗೆ ಮತ್ತು ಸೇವಾ ಘಟಕಗಳಿಗೆ. ಹೀಗಾಗಿ ಅಫಜಲಪುರದ ಸಿಮೆಂಟ್ ವರ್ತಕರು ಜೇವರ್ಗಿಯ ಗ್ರಿಲ್ ತಯಾರಕರಷ್ಟು ಧೈರ್ಯವಾಗಿ ಉದ್ದರಿ ಕೊಡಲಾಗದು. ಎರಡನೆಯದಾಗಿ, ಸರಕಿನ ಪೂರೈಕೆ ಮತ್ತು ಕಾಮಗಾರಿಯನ್ನು ಒಂದೇ ಆದೇಶದಲ್ಲಿ ಬೆರೆಸಿದರೆ ಅದು ಕಾಮಗಾರಿ ಗುತ್ತಿಗೆಯಾಗುತ್ತದೆ. ಅಂಥದ್ದು ಈ ಕಾಯಿದೆಯ ವ್ಯಾಪ್ತಿಗೆ ಬಾರದೆಂದು ಕೆಲವು ಹೈಕೋರ್ಟ್‌ಗಳು ತೀರ್ಪಿತ್ತಿವೆ. ಗೇಟು ಪೂರೈಸಲು ಒಂದು ಆದೇಶ, ಕೂರಿಸಲು ಇನ್ನೊಂದು ಆದೇಶ ಪಡೆಯುವುದು ಕ್ಷೇಮ. ನೋಂದಣಿಯೂ ಆದೇಶ ಪಡೆಯುವ ಮುನ್ನವೇ ಆಗಿರಲಿ.

ಸುಳ್ಳು ಅನುಭವ ಪ್ರಮಾಣಪತ್ರ, ಹೊಂದಾಣಿಕೆ ಟೆಂಡರು ಮೊದಲಾದವುಗಳ ವಿಷಯವನ್ನೂ ಹೇಳಬೇಕು. 2010ರ ಏಪ್ರಿಲ್‌ನಲ್ಲಿ ಏಷ್ಯನ್, ಆಫ್ರಿಕನ್, ಅಂತರ-ಅಮೆರಿಕನ್ ಅಭಿವೃದ್ಧಿ ಬ್ಯಾಂಕುಗಳು, ಯುರೋಪಿನ ಪುನರ್‌ನಿರ್ಮಾಣ ಬ್ಯಾಂಕ್ ಮತ್ತು ವಿಶ್ವ ಬ್ಯಾಂಕ್ ಒಪ್ಪಂದ ಮಾಡಿಕೊಂಡವು. ಒಂದು ಬ್ಯಾಂಕು ಒಂದು ವರ್ಷಕ್ಕಿಂತ ಹೆಚ್ಚು ಅವಧಿಗೆ ಯಾರನ್ನಾದರೂ ಕಪ್ಪುಪಟ್ಟಿಗೆ ಸೇರಿಸಿ ಪ್ರಕಟಿಸಿದರೆ ಉಳಿದ ನಾಲ್ಕೂ ಬಾಗಿಲು ಮುಚ್ಚಬಹುದು.

ಖಾಸಗಿ ದಾರಿ

ದಾನಿ ರಾಷ್ಟ್ರದ ಹಣ ಸರ್ಕಾರವನ್ನು ಮುಟ್ಟದೆಯೂ ಬರಬಹುದು. ಜಪಾನಿನ ಜೈಕಾ 2016ರಲ್ಲಿ 150 ಕೋಟಿ ಡಾಲರ್ ತೊಡಗಿಸಿ, ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನಿರ್ವಹಣೆಯಲ್ಲಿ ಲೀಪ್ ಎಂಬ ನಿಧಿಯನ್ನು ಸ್ಥಾಪಿಸಿತು. ಅದು ಖಾಸಗಿ ಮೂಲಸೌಕರ್ಯ ಕಂಪನಿಗಳಿಗೆ ಮೀಸಲು. ಬಿಸಿಲು, ಬಯಲು ಎರಡೂ ಧಾರಾಳವಾಗಿರುವ ಈ ಮೂರು ತಾಲ್ಲೂಕುಗಳಲ್ಲಿ ಸೌರ ಅಥವಾ ಪವನ ವಿದ್ಯುತ್ ಘಟಕಕ್ಕೆ ಇಂಥ ಬಂಡವಾಳ ಬಂದರೆ ಸಾರ್ವಜನಿಕ ಟೆಂಡರೇ ಇರುವುದಿಲ್ಲ. ಕಂಬಿ, ತಂತಿಬೇಲಿ, ಕೇಬಲ್ ಗಟಾರ, ಪ್ಯಾನೆಲ್ ತೊಳೆಯುವ ನೀರು, ಕಾವಲು ಎಲ್ಲವೂ ಕಂಪನಿಯ ಖರೀದಿ ವಿಭಾಗದ ತೀರ್ಮಾನ. ಅಲ್ಲಿ ಪೂರೈಕೆದಾರರ ಪಟ್ಟಿಗೆ ಹೆಸರು ಸೇರಿಸುವುದೇ ಮುಖ್ಯ ಕೆಲಸ.

ರಸ್ತೆ ಬದಿಯ ಅಂಗಡಿಗಳು

ಗುತ್ತಿಗೆಯ ಆಸೆಯಿಲ್ಲದ ವರ್ತಕನಿಗೂ ಸಂಬಂಧಿಸಿದ ಒಂದು ವಿಷಯ ಉಳಿದಿದೆ. ರಸ್ತೆ ಅಗಲೀಕರಣವಾದಾಗ ಚಹಾದಂಗಡಿ, ಪಂಕ್ಚರ್ ಅಂಗಡಿ, ಬೀಜ-ಗೊಬ್ಬರದ ಮಳಿಗೆ ಮೊದಲು ನೆಲಸಮವಾಗುತ್ತವೆ. ಜಾಗ ಸರ್ಕಾರದ್ದಾದ್ದರಿಂದ ಪರಿಹಾರವಿಲ್ಲವೆಂದು ಬಹುತೇಕರು ಸುಮ್ಮನಾಗುತ್ತಾರೆ. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ 2009ರ ಸುರಕ್ಷತಾ ನೀತಿಯ ಪ್ರಕಾರ ಹಕ್ಕುಪತ್ರವಿಲ್ಲದವರಿಗೆ ಭೂಮಿಯ ಬೆಲೆ ಸಿಗದಿದ್ದರೂ ಕಟ್ಟಡದ ನಷ್ಟಕ್ಕೆ ಪರಿಹಾರ ಮತ್ತು ಪುನರ್ವಸತಿ ನೆರವು ಸಿಗಬೇಕು. 2024ರ ನವೆಂಬರ್‌ನಲ್ಲಿ ಬ್ಯಾಂಕಿನ ಮಂಡಳಿ ಅದರ ಸ್ಥಾನಕ್ಕೆ ಹೊಸ ಪರಿಸರ ಮತ್ತು ಸಾಮಾಜಿಕ ಚೌಕಟ್ಟನ್ನು ಅಂಗೀಕರಿಸಿದೆ. ಸಹ ಹಣಕಾಸಿನ ಯೋಜನೆಯಲ್ಲಿ ಅಂಗಡಿ ಯಾರ ಭಾಗದಲ್ಲಿದೆ, ಅಲ್ಲಿಗೆ ಯಾರ ನೀತಿ ಎಂಬುದನ್ನು ಪುನರ್ವಸತಿ ಯೋಜನೆಯ ದಾಖಲೆಯಲ್ಲಿ ನೋಡಿಕೊಳ್ಳಬೇಕು. ಅದು ಸ್ಥಳೀಯ ಭಾಷೆಯಲ್ಲಿ ಲಭ್ಯವಾಗಬೇಕೆಂಬ ನಿಯಮವೂ ಇದೆ.

ಪರಿಹಾರದ ಅರ್ಹತೆಗೆ ಗಡುವಿನ ದಿನಾಂಕವೊಂದು ನಿಗದಿಯಾಗಿರುತ್ತದೆ. ಸಾಮಾನ್ಯವಾಗಿ ಅದು ಪೀಡಿತರ ಗಣತಿ ನಡೆಯುವ ದಿನ. ಆ ದಿನ ಅಂಗಡಿ ಬಾಗಿಲು ಹಾಕಿದ್ದು ಹೆಸರು ದಾಖಲಾಗದೆ ಹೋದರೆ ಅನಂತರ ಸೇರಿಸುವುದು ಕಷ್ಟ. ಗಣತಿಯವರು ಬಂದಾಗ ವ್ಯಾಪಾರ ಪರವಾನಗಿ, ವಿದ್ಯುತ್ ಬಿಲ್ಲು, ಪುರಸಭೆ ಅಥವಾ ಪಂಚಾಯಿತಿಗೆ ಕಟ್ಟಿದ ರಶೀದಿಗಳ ಪ್ರತಿ ಕೈಗೆಟುಕುವಂತಿರಬೇಕು. ಅಂಗಡಿಯ ಅಳತೆಯನ್ನು ಅವರು ಬರೆದುಕೊಂಡ ಹಾಳೆಗೆ ಸಹಿ ಹಾಕುವ ಮೊದಲು ಒಮ್ಮೆ ಓದಿಸಿ ಕೇಳಿ, ಅದರ ಪ್ರತಿಯನ್ನು ಪಡೆದುಕೊಳ್ಳಬೇಕು.